ಧರ್ಮಪತ್ನೀಸಮೇತ ತೆರಿಗೆ ಸಲ್ಲಿಕೆ

ತೆರಿಗೆ ತುಂಬುವ ಸಾಫ್ಟ್‌ವೇರಿಗೆ ಪೌರೋಹಿತ್ಯ ಸರಿಯಾಗಿ ಬರುವುದಿಲ್ಲ ಎಂದು ಅದರ ಮುಖಕ್ಕೇ ಹೇಳಬಲ್ಲವರು ಭೂಮಿಯ ಮೇಲೆ ಒಬ್ಬರೇ ಇರಬೇಕು: ನನ್ನ ಸೋದರಮಾವ!

ಗಂಗೆಯ ದಡದ ಹನುಮಾನ್ ಘಾಟಿನ ಗಲ್ಲಿಯಲ್ಲಿ ಅವರ ಮನೆ. ದಕ್ಷಿಣದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ತರ್ಪಣ ಮಾಡಿಸುವುದು ವೃತ್ತಿ. ಅದೇ ಊರಿನ ಭೇಲೂಪುರದ ಬಾಡಿಗೆ ಮನೆಯಲ್ಲಿರುವ ನಾನೋ, ತೆರಿಗೆ ಇಲಾಖೆಯಿಂದ ಹಬ್ಬದ ಶುಭಾಶಯ ಬಂದರೂ ಬಾಗಿಲು ಹಾಕಿಕೊಂಡು ಓದುವ ಪ್ರಾಣಿ. ನನ್ನ ಲೆಕ್ಕವನ್ನು ಒಬ್ಬ ಸಿ.ಎ. ನೋಡಿಕೊಳ್ಳುತ್ತಾರೆ, ಅವರು ಸರಿಯಾಗಿ ನೋಡಿಕೊಂಡರೋ ಇಲ್ಲವೋ ಎಂಬ ಚಿಂತೆಯನ್ನು ವರ್ಷವಿಡೀ ನಾನು ನೋಡಿಕೊಳ್ಳುತ್ತೇನೆ. ಮಾವನಿಗೆ ಈ ಕಾಯಿಲೆ ಇಲ್ಲ.

“ಹೆದರೋಕೆ ಏನಿದೆಯೋ ಅದರಲ್ಲಿ? ಹೆಸರು ಕೇಳುತ್ತೆ, ಅಪ್ಪನ ಹೆಸರು ಕೇಳುತ್ತೆ, ಇರೋ ಜಾಗ ಕೇಳುತ್ತೆ. ಸಂಕಲ್ಪ ಅಲ್ಲದೆ ಇನ್ನೇನು? ಜೀವಮಾನವೆಲ್ಲ ನಾನು ಪುರೋಹಿತ, ಎದುರಿಗೆ ಕೂತವರು ಯಜಮಾನರು. ವರ್ಷಕ್ಕೊಂದು ದಿನ ಅದು ಪುರೋಹಿತ, ನಾನು ಯಜಮಾನ!”

ಯಜಮಾನರು ಸುಮ್ಮನೆ ಕೂತರೆ ತಾನೆ! ಅಪ್ಪನ ಹೆಸರಿಗೇ ನಿಲ್ಲಿಸಿತಲ್ಲ, ತಾತ ಮುತ್ತಾತ ಏನು ಪಾಪ ಮಾಡಿದ್ದರು ಎಂದು ತಗಾದೆ. ಗೋತ್ರ ಕೇಳಲಿಲ್ಲವೆಂದು ಮುನಿಸು. ವಿಳಾಸಕ್ಕೆ ‘ಗಂಗಾಯಾಃ ಪಶ್ಚಿಮತೀರೇ’ ಎಂದು ಸೇರಿಸಹೋಗಿ, ಜಾಗ ಸಾಲದೆ ಪರದೆ ಕೆಂಪಾಯಿತು. ಸ್ವಲ್ಪ ಹೊತ್ತು ಯೋಚಿಸುತ್ತ ಕೂತರೆ ಅದು ತಾನಾಗಿಯೇ ಹೊರದಬ್ಬುತ್ತದಲ್ಲ, ಆಗ ಮಾವ ನನ್ನ ಕಡೆ ತಿರುಗಿ, “ನೋಡಿದೆಯಾ? ಇನ್ನೊಂದು ಮನೆ ಶ್ರಾದ್ಧಾನೂ ಒಪ್ಪಿಕೊಂಡು ಬಂದಿದೆ. ಅದಕ್ಕೇ ಈ ಅವಸರ!”

ಒಂದು ವರ್ಷ ‘ಇತರೆ ಆದಾಯ’ ಎಂಬಲ್ಲಿ ಗಕ್ಕನೆ ನಿಂತರು. “ದಾವಣಗೆರೆಯವರು ಕುಂಬಳಕಾಯಿ ದಾನ ಕೊಟ್ಟರಲ್ಲ, ಅದನ್ನ ಎಲ್ಲಿ ಹಾಕೋದು?”

ನಾನು ಹೆಗಲು ಮುಟ್ಟಿ ನೋಡಿಕೊಂಡೆ.

ಅಡುಗೆಮನೆಯಿಂದ ಅತ್ತೆಯ ದನಿ ಬಂತು: “ಹುಳಿಗೆ ಹಾಕಿದ್ದಾಯ್ತಲ್ರೀ! ಅರ್ಧ ನೀವೇ ತಿಂದ್ರಿ!”

“ಹಂಗಾದ್ರೆ ಖರ್ಚು ಅಂತ ಬರ್ಕೊಳ್ಳೋದು!”

ಎಲ್ಲಕ್ಕಿಂತ ಘನವಾದದ್ದು ಕೊನೆಯ ಘಟ್ಟ. ದಾನ ಬಿಡುವಾಗ ಹೆಂಡತಿ ಗಂಡನ ಬಲಗೈ ಮುಟ್ಟಿಕೊಂಡಿರಬೇಕಷ್ಟೆ? ಮಾವನ ಪ್ರಕಾರ ತೆರಿಗೆಯೂ ದಾನವೇ. “ಇವಳೇ, ಬಾ ಇಲ್ಲಿ!” ಎಂದರೆ ಅತ್ತೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಅವರ ಮೊಣಕೈಗೆ ಬೆರಳು ತಾಗಿಸುತ್ತಾರೆ. ಮಾವ ಸಬ್ಮಿಟ್ ಒತ್ತುತ್ತಾರೆ. “ಆಯ್ತಾ? ಒಲೆ ಮೇಲೆ ಸಾರು ಕುದೀತಿದೆ,” ಎಂದು ಮರುಕ್ಷಣವೇ ಬೆರಳು ಕಿತ್ತುಕೊಂಡು ಅತ್ತೆ ಮಾಯ. ಫಲ ಬಂತೋ ಇಲ್ಲವೋ ಎಂದು ತಿರುಗಿಯೂ ನೋಡುವುದಿಲ್ಲ!

ಈ ವರ್ಷ ತೆರಿಗೆ ಸಲ್ಲಿಕೆಯ ಕೊನೆಯ ದಿನ ಬಂದಾಗ ಅತ್ತೆ ಭೇಲೂಪುರದ ನರ್ಸಿಂಗ್ ಹೋಮಿನಲ್ಲಿದ್ದರು. ಘಾಟಿನ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದಿತ್ತು. ಮರುದಿನ ಬೆಳಗ್ಗೆ ಆಪರೇಷನ್. ವಯಸ್ಸಾಗಿದೆ, ಸಕ್ಕರೆಯೂ ಇದೆ ಎಂದು ಎಚ್ಚರಿಸಿ ಡಾಕ್ಟರು ಮಾವನ ಸಹಿ ಹಾಕಿಸಿಕೊಂಡಿದ್ದರು. ತೆರಿಗೆಯದೆಲ್ಲ ತುಂಬಿ ಆಗಿತ್ತು, ಒತ್ತುವುದೊಂದು ಬಾಕಿ.

“ಮಾವ, ಇವತ್ತು ದಾಟಿದರೆ ದಂಡ ಬೀಳುತ್ತೆ. ನಾನೇ ಒತ್ತಿಬಿಡ್ತೀನಿ.”

“ಪತ್ನಿ ಇಲ್ಲದೆ ದಾನವೇನೋ? ಶಾಸ್ತ್ರ ಓದಿದ್ದು ನೀನಾ, ನಾನಾ?”

ಲ್ಯಾಪ್‌ಟಾಪನ್ನು ಮಡಿಪಂಚೆಯಲ್ಲಿ ಸುತ್ತಿ, ಎದೆಗವಚಿಕೊಂಡು ಇ-ರಿಕ್ಷಾ ಹತ್ತಿದರು. ಯಾವುದೋ ಪುರಾಣದ ಗಂಟಿರಬೇಕೆಂದು ಚಾಲಕ, “ಕೌನ್ ಪೋಥಿ ಹೌ, ಗುರು?” ಎಂದು ಭಕ್ತಿಯಿಂದ ಕೇಳಿದ. “ಇಸೀ ಸಾಲ್ ಕೀ,” ಎಂದರು ಮಾವ, ಅಷ್ಟೇ ಗಂಭೀರವಾಗಿ. ಈ ವರ್ಷದ ಪುರಾಣ!

ವಾರ್ಡಿನಲ್ಲಿ ಅತ್ತೆ ಕಣ್ಣು ಬಿಟ್ಟು ಪಂಚೆಯ ಗಂಟು ನೋಡಿದರು. “ಅಯ್ಯೋ, ಆ ಪುರೋಹಿತನ್ನ ಇಲ್ಲಿಗೂ ಕರ್ಕೊಂಡು ಬಂದ್ರಾ?” ಒಂದು ಕೈಗೆ ಡ್ರಿಪ್ ಹಾಕಿತ್ತು. ಇನ್ನೊಂದನ್ನು ಮೆಲ್ಲಗೆ ಎತ್ತಿ ಮಾವನ ಮೊಣಕೈ ಮೇಲೆ ಇಟ್ಟರು.

ಮಾವ ಒತ್ತಲಿಲ್ಲ. ಪರದೆಯನ್ನೇ ನೋಡುತ್ತ ಕೂತರು. ಇನ್ನೇನು ಅದು ಹೊರದಬ್ಬುತ್ತದೆ, ಮತ್ತೆ ಮೊದಲಿಂದ ಒಳಗೆ ಹೋಗಬೇಕು, ಇಲ್ಲಿ ನೆಟ್‌ವರ್ಕ್ ಬೇರೆ ಅಷ್ಟಕ್ಕಷ್ಟೆ ಎಂದು ನಾನು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದೆ.

“ಒತ್ತೀ ಅಂದ್ರೆ,” ಎಂದರು ಅತ್ತೆ.

“ಒತ್ತಿದರೆ ನೀನು ಕೈ ತೆಗೆದುಬಿಡ್ತೀಯಲ್ಲ.”

ಜೀವಮಾನದಲ್ಲಿ ಮೊದಲ ಸಲ ಮಾವನ ದನಿ ಅಷ್ಟು ಸಣ್ಣಗಾಗಿದ್ದನ್ನು ಕೇಳಿದೆ. ಅತ್ತೆ ಅವರ ಮುಖ ನೋಡಿದರು.

“ಇಲ್ಲೇನು ಸಾರು ಕುದೀತಿದೆಯಾ? ಒತ್ತಿ.”

ಮಾವ ಒತ್ತಿದರು. ಕೈ ಅಲ್ಲೇ ಇತ್ತು.