ಚಾಚಾನಿಗೆ ನಿದ್ದೆ ಬಾರದ ಕಟ್ಟಡ

ನಮ್ಮ ಪಕ್ಕದ ಮನೆಯ ಚಾಚಾ ಮಲಗಿ ಗೊರಕೆ ಹೊಡೆಯದ ಸಾರ್ವಜನಿಕ ಕಟ್ಟಡ ನವಲಗುಂದದಲ್ಲಿಯೇ ಇಲ್ಲ! ಇದನ್ನು ಉತ್ಪ್ರೇಕ್ಷೆಯೆಂದು ಓದುಗರು ತಳ್ಳಿಹಾಕಬಾರದು. ಎರಡು ಆಧಾರಗಳಿಂದ ತಾಳೆ ನೋಡದೆ ಒಂದು ಇಸವಿಯನ್ನೂ ಬರೆಯದ ನಿವೃತ್ತ ಸಂಶೋಧಕ ನಾನು. ಈ ವಾಕ್ಯವನ್ನೂ ತಾಳೆ ನೋಡಿದ್ದೇನೆ. ಅಪವಾದ ಒಂದೇ ಒಂದು. ಅದಕ್ಕೆ ಆಮೇಲೆ ಬರುತ್ತೇನೆ.

ಚಾಚಾ ಕೊಲ್ಲಿ ದೇಶಗಳಲ್ಲಿ ಕಟ್ಟಡಗಳ ನಕ್ಷೆ ಬರೆಯುತ್ತಿದ್ದವರು. ಊರಿಗೆ ಮರಳಿದ್ದು ಯಾವ ಇಸವಿಯಲ್ಲಿ ಎಂದು ಕೇಳಿದರೆ, "ಬೇವಿನ ಗಿಡಾ ಬಿತ್ತಲ್ರಿ, ಅದರ ಮುಂದಿನ ವರ್ಷ" ಎನ್ನುತ್ತಾರೆ. ಬೇವು ಬಿದ್ದದ್ದು ಯಾವಾಗ? "ನಾ ಬರೂ ಹಿಂದಿನ ವರ್ಷ!" ಇಂಥವರನ್ನು ಯಾವ ಕಾಲಾನುಕ್ರಮಣಿಕೆಯಲ್ಲಿ ಕೂರಿಸುವುದು?

ಕಟ್ಟಡವನ್ನು ಪರೀಕ್ಷಿಸಲು ಅವರಲ್ಲಿರುವ ಸಾಧನ ಒಂದು ಹಳೆಯ ಜಮಖಾನೆ. ಹಾಸಿ ಮಲಗುತ್ತಾರೆ, ನಿದ್ದೆ ಬಂದರೆ ಕಟ್ಟಡ ಪಾಸು. ನನ್ನ ಗೃಹಪ್ರವೇಶದ ದಿನ ಪುಸ್ತಕದ ಕೋಣೆಯಲ್ಲಿ ಮಲಗಿ ಎದ್ದವರು, "ಅಗದಿ ಛಲೋ ಕೋಲಿ ರೀ ಸಾಹೇಬ್ರ. ಪುಸ್ತಕಾ ಕಂಡಕೂಡಲೆ ನಿದ್ದಿ ಬಂತು!" ಎಂದರು. ಹೊಸ ಸಭಾಭವನದ ಉದ್ಘಾಟನೆಯಲ್ಲಂತೂ ಅತಿಥಿಗಳ ಭಾಷಣದ ನಡುವೆಯೇ ಗೊರಕೆ ಕೇಳಿಬಂತು. ಎಬ್ಬಿಸಿದಾಗ ಅವರ ಮುಖದಲ್ಲಿ ನಿಜವಾದ ಚಿಂತೆ: "ಈ ನಿದ್ದಿ ಕಟ್ಟಡದ್ದೋ ಭಾಷಣದ್ದೋ ತಿಳೀವಲ್ದು. ನಾಳಿ ಖಾಲಿ ಇದ್ದಾಗ ಮತ್ತ ಬರತೀನಿ."

ಹೀಗಿರಲು, ಮಸೀದಿಯ ಬದಿಯ ಖಾಲಿ ಜಾಗದಲ್ಲಿ ದೊಡ್ಡ ಗುಮ್ಮಟದ ಸಭಾಂಗಣ ಕಟ್ಟಬೇಕೆಂದು ಕಮಿಟಿಯವರು ಹೊರಟರು. ಚಾಚಾ ಅಡ್ಡ ಬಂದರು. "ಹೊರದೇಶದಾಗ ಹೊಸಾ ಮಸೀದಿ ನೋಡೀನಿ. ಗುಮ್ಮಟಾನ ಇಲ್ಲ! ಅಂಗಳದಾಗ ಶಾಲಿ, ಬಾಜೂಕ ದವಾಖಾನಿ. ಊರಿಗೆ ಏನ ಬೇಕೋ ಅದನ್ನ ಕಟ್ಟೂಣು."

"ಚಾಚಾ, ನಿಮಗ ಮಲಗಾಕ ಜಾಗಾ ಬೇಕಾಗೇತಿ, ಅದಕ್ಕ ನಮ್ಮ ಗುಮ್ಮಟಾ ತಗಸ್ತೀರಿ!" ಎಂದರು ಅಧ್ಯಕ್ಷರು.

"ಹೌದೋ ತಮ್ಮಾ. ವಿಜಾಪುರದಾಗ ಕೇಳೀಯಲ್ಲ? ಗುಮ್ಮಟದಾಗ ಒಂದ ಗೊರಕಿ ಏಳ ಸಲ ಹೊಳ್ಳಿ ಬರತೈತಿ!"

ಕಮಿಟಿ ನಕ್ಕಿತು, ಗುಮ್ಮಟದ ಮಾತು ಬಿದ್ದುಹೋಯಿತು. ಅದರ ಬದಲಿಗೆ, ಚಾಚಾ ಬರೆದ ನಕ್ಷೆಯಂತೆ, ಕತ್ತಲೆಯ ಮನೆಗಳಲ್ಲಿ ಜಮಖಾನೆ ನೇಯುತ್ತಿದ್ದ ಹೆಂಗಸರಿಗಾಗಿ ಒಂದು ನೇಯ್ಗೆಯ ಮನೆ ಎದ್ದಿತು: ಗಾಳಿ ಬೆಳಕು ಸೋಸಿ ಬರುವ ಜಾಲಂಧ್ರದ ಇಟ್ಟಿಗೆ ಗೋಡೆ, ಸುತ್ತಲೂ ನೆರಳಿನ ಕಟ್ಟೆ. ಆದರೆ ಹೆಂಗಸರು ಬರುತ್ತಾರೆಯೇ? ಈ ವಿದ್ಯೆಯನ್ನು ಅತ್ತೆ ಸೊಸೆಗೆ ಕಲಿಸುತ್ತಾಳೆ, ಮಗಳಿಗಲ್ಲ. ಮಗಳು ಅದನ್ನು ಬೇರೆ ಮನೆಗೆ ಒಯ್ದಾಳೆಂಬ ಭಯ. ಎಲ್ಲರೂ ಕೂಡಿ ನೇಯುವಲ್ಲಿ ಮನೆಯ ಗುಟ್ಟು ಉಳಿದೀತೆ? ಲಿಖಿತ ಆಧಾರ ಸಿಕ್ಕಿಲ್ಲ, ಆದರೆ ನಾನು ವಿಚಾರಿಸಿದ ಮನೆಗಳಲ್ಲೆಲ್ಲ ಇದೇ ಮಾತು. ಚಾಚಾನ ತಾಯಿಯೂ ಸೊಸೆಗೆ, ಅಂದರೆ ನಮ್ಮ ಚಾಚಿಗೆ, ಕಲಿಸಿದರು. ಮಗಳಿಗೆ ಕಲಿಸಕೂಡದೆಂದು ಮಾತು ತೆಗೆದುಕೊಂಡರು. ಆ ಮಗಳು, ಚಾಚಾ 'ಆಪಾ' ಎಂದು ಕರೆಯುವ ಅಕ್ಕ, ಮದುವೆಯಾಗಲೇ ಇಲ್ಲ. ಯಾವ ಮನೆಗೂ ಸೊಸೆಯಾಗದ ಆಕೆ ಮಗ್ಗವಿದ್ದ ಮನೆಯಲ್ಲಿಯೇ ಮುದುಕಿಯಾಗುವವರೆಗೆ ನೂಲು ಸುತ್ತಿಕೊಂಡು ಉಳಿದರು.

ಪ್ರಾರಂಭದ ದಿನ ಹೆಂಗಸರೆಲ್ಲ ಬಾಗಿಲ ಹೊರಗೇ ನಿಂತರು. ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಚಾಚಾ ಮೂಲೆಯಲ್ಲಿ ಜಮಖಾನೆ ಹಾಸಿ ಅಡ್ಡಾದರು. ಕಟ್ಟಡ ಉಗ್ರಾಣವಾಗುವುದು ಖಚಿತವೆಂದು ನಾನು ಎಣಿಸುತ್ತಿರುವಾಗಲೇ, ಚಾಚಿ ಸರಸರನೆ ಒಳಗೆ ಬಂದು ಮಗ್ಗದ ಮುಂದೆ ಕುಳಿತರು. ಕಟ್ಟೆಯ ಮೇಲೆ ನೂಲು ಸುತ್ತುತ್ತಿದ್ದ ನಾದಿನಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಅತ್ತಿಯವರಿಗೆ ಕೊಟ್ಟ ಮಾತು ಮನಿಯೊಳಗಷ್ಟ ಆತು. ಇದು ಯಾರ ಮನೀನೂ ಅಲ್ಲ. ಬರ್ರಿ ಆಪಾ, ಒಳಗ ಬರ್ರಿ."

ಆಪಾ ಬಂದರು. ಅವರ ಹಿಂದೆ ಬಾಗಿಲ ಹೊರಗಿದ್ದವರೂ ಒಬ್ಬೊಬ್ಬರಾಗಿ ಬಂದರು. ಆಪಾ ನೇಯ್ದ ಮೊದಲ ಎಳೆ ಸೊಟ್ಟಗಿತ್ತು. ಚಾಚಿ ಅದನ್ನು ಬಿಚ್ಚಲಿಲ್ಲ.

ಮೂಲೆಯತ್ತ ನೋಡಿದೆ. ಚಾಚಾನ ಕಣ್ಣುಗಳು ಪೂರಾ ತೆರೆದಿದ್ದವು.

"ಏನ್ರಿ ಚಾಚಾ, ನಿದ್ದಿ ಬರವಲ್ದೇನು? ಕಟ್ಟಡಾ ಫೇಲೋ?"

ಅವರು ನನ್ನತ್ತ ತಿರುಗಲಿಲ್ಲ. ಬೇವಿನ ಗಿಡದಿಂದ ಕಾಲ ಎಣಿಸುವ ಆ ಮನುಷ್ಯ ಅಕ್ಕನ ಕೈಯನ್ನೇ ನೋಡುತ್ತ, ಮೆಲ್ಲಗೆ ಕೇಳಿದರು:

"ಸಾಹೇಬ್ರ, ಇವತ್ತ ತಾರೀಖು ಎಷ್ಟ್ರಿ?"