ಸರಾಸರಿಯಲ್ಲಿ ತೊಳೆದ ಅತ್ತೆ

ಗುಮಾಸ್ತರ ಮನೆಯಲ್ಲಿ ಮೂರು ಜನ, ಸ್ನಾನದ ಮನೆ ಒಂದೇ. ಆ ಒಂದನ್ನೂ ಅವರು ಭಾನುವಾರ ಬೆಳಿಗ್ಗೆ ವಶಪಡಿಸಿಕೊಂಡು, ಕಿಟಕಿಗೆ ಕಂಬಳಿ ಹೊದಿಸಿ, ಬಾಗಿಲ ಸಂದಿಗೆ ಹೆಂಡತಿಯ ಎರಡು ಸೀರೆ ತುರುಕಿ, ಒಳಗಿನಿಂದ ಚಿಲಕ ಹಾಕಿಕೊಂಡರೆ, ಹೆಗಲ ಮೇಲೆ ಟವೆಲು ಹಾಕಿಕೊಂಡು ಹೊರಗೆ ನಿಂತ ಧರ್ಮಪತ್ನಿಗೆ ಕೋಪ ಬಾರದೆ ಇರುತ್ತದೆಯೇ?

“ರೀ, ಇನ್ನೆಷ್ಟು ಹೊತ್ತು?”

“ಅದೇ ಗೊತ್ತಾಗ್ತಿಲ್ಲ ಕಣೇ!”

(ದಾಂಪತ್ಯದಲ್ಲಿ ಇಷ್ಟು ಪ್ರಾಮಾಣಿಕ ಉತ್ತರವನ್ನು ಅವರು ಹಿಂದೆಂದೂ ಕೊಟ್ಟಿರಲಿಲ್ಲ.)

ಸಂಗತಿ ಇಷ್ಟು. ಗುಮಾಸ್ತರ ಮಾವ ಮನೆಯ ಮುಂಭಾಗದಲ್ಲೇ ಫೋಟೊ ಸ್ಟುಡಿಯೊ ಇಟ್ಟಿದ್ದವರು. ಊರಿನವರನ್ನೆಲ್ಲ ಕುರ್ಚಿಯಲ್ಲಿ ಕೂರಿಸಿದ ಮಹಾನುಭಾವರು ಸ್ವಂತ ಹೆಂಡತಿಯ ಫೋಟೊ ತೆಗೆದದ್ದು ಒಂದೇ ಸಲ. ಅದೂ ಮಗಳ ಮದುವೆ ಮಾತುಕತೆಗೆ ಗುಮಾಸ್ತರು ಬಂದ ದಿನ, ಆಕೆ ಹೇಗೂ ಒಳ್ಳೆಯ ಸೀರೆ ಉಟ್ಟಿದ್ದಾರಲ್ಲ ಎಂದು. ಆದರೆ ಆ ಫಿಲ್ಮನ್ನು ಔಷಧದಲ್ಲಿ ತೊಳೆದು ಚಿತ್ರ ಬರಿಸಲೇ ಇಲ್ಲ. ಮಾವ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಮೊನ್ನೆ ಅಟ್ಟ ಗುಡಿಸುವಾಗ ಡಬ್ಬಿ ಸಿಕ್ಕಿತು. ಒಳಗೆ ಕಪ್ಪು ಕಾಗದದಲ್ಲಿ ಸುತ್ತಿದ ಎರಡು ಫಿಲ್ಮು. ರೀಲಲ್ಲ, ಅಂಗೈಯಗಲದ ಬಿಡಿ ಹಾಳೆಗಳು. ಒಂದರಲ್ಲಿ ಅತ್ತೆ ಇರಬೇಕು. ಇನ್ನೊಂದರಲ್ಲಿ ಯಾರೆಂದು ಅತ್ತೆಗೂ ಗೊತ್ತಿಲ್ಲ. ಬೆಳಕಿಗೆ ಹಿಡಿದು ನೋಡೋಣವೆಂದರೆ ಎರಡೂ ಹಾಳಾಗುತ್ತವೆ.

“ಅಳಿಯಂದಿರೇ, ಆ ವಯಸ್ಸಿನ ಫೋಟೊ ನಂದು ಇನ್ನೊಂದಿಲ್ಲ. ಹೇಗಿದ್ದೆ ಅಂತ ನಂಗೇ ಮರ್ತುಹೋಗಿದೆ,” ಎಂದರು ಅತ್ತೆ. ಅವರು ಅಳಿಯನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಗುಮಾಸ್ತರ ಎದೆ ಉಬ್ಬಿತು.

“ಅದೇನು ಬ್ರಹ್ಮವಿದ್ಯೆಯಾ ಅತ್ತೆ? ನಾನಿದ್ದೀನಿ, ಬಿಡಿ!”

ಬ್ರಹ್ಮವಿದ್ಯೆಯೇ ಆಗಿತ್ತು. ಫಿಲ್ಮನ್ನು ಔಷಧದಲ್ಲಿ ಎಷ್ಟು ನಿಮಿಷ ಇಡಬೇಕೆಂದು ಡಬ್ಬಿಯ ಮೇಲೆ ಅಚ್ಚಾಗಿದ್ದ ಜಾಗವನ್ನೇ ಹುಳ ತಿಂದುಹಾಕಿತ್ತು. ಸ್ಟುಡಿಯೊ ಮುಚ್ಚಿ ಕೂತಿದ್ದ ಹಳೆಯ ಫೋಟೊಗ್ರಾಫರು ಔಷಧ ಕೊಟ್ಟು “ಐದು ನಿಮಿಷ” ಎಂದರು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದವರು “ಇಪ್ಪತ್ತಾದರೂ ಬೇಕು” ಎಂದರು. ಪತ್ರಿಕೆಯಲ್ಲಿದ್ದ ಹಿರಿಯರೊಬ್ಬರು “ಒಂದು ಸಿಗರೇಟು ಮುಗಿಯೋಷ್ಟು ಹೊತ್ತು” ಎಂದರು. (ಕತ್ತಲ ಕೋಣೆಯಲ್ಲಿ ಕೆಂಡ ಹಚ್ಚಿಕೊಂಡು ಅವರು ಏನು ತೊಳೆದರೋ ದೇವರಿಗೇ ಗೊತ್ತು.) ಮೊಬೈಲಿನಲ್ಲಿ ನಿಮಿಷಗಳ ಪಟ್ಟಿ ಎರಡು ಸಿಕ್ಕವು. ಅವೆರಡೂ ಒಂದಕ್ಕೊಂದು ಮಾತು ಬಿಟ್ಟಿದ್ದವು.

ಈಗ ಕಗ್ಗತ್ತಲೆಯಲ್ಲಿ, ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕೈಯಲ್ಲೊಂದು ಹಾಳೆ ಹಿಡಿದ ಗುಮಾಸ್ತರಿಗೆ ಜ್ಞಾನೋದಯವಾಯಿತು. ವಿಮಾ ಕಚೇರಿಯ ನೌಕರಿ ಅವರದು. ಯಾರು ಯಾವಾಗ ಸಾಯುತ್ತಾರೆಂದು ಯಾರಿಗೂ ತಿಳಿಯದಿದ್ದರೂ ಕಚೇರಿ ನಡೆಯುತ್ತಿರುವುದು ಯಾವುದರ ಬಲದಿಂದ?

“ಗೊತ್ತಾಯ್ತು ಕಣೇ! ಎಲ್ಲಾ ಕೂಡಿಸಿ ಸರಾಸರಿ ತೆಗೀತೀನಿ!”

“ಅಲ್ಲಾ ರೀ, ಒಬ್ಬ ಡಾಕ್ಟರು ಕಾಲಿಗೆ ಪಟ್ಟಿ ಕಟ್ಟು ಅಂತಾನೆ, ಇನ್ನೊಬ್ಬ ತಲೆಗೆ ಕಟ್ಟು ಅಂತಾನೆ. ನೀವು ಸರಾಸರಿ ತೆಗೆದು ಹೊಟ್ಟೆಗೆ ಕಟ್ಕೋತೀರಾ?”

“ನಿನಗೆ ಗಣಿತ ಅರ್ಥ ಆಗಲ್ಲ, ಸುಮ್ನಿರು.”

ಗಣಿತದ ಪ್ರಕಾರ ಎಲ್ಲವೂ ಮುಗಿದು ದೀಪ ಹಾಕಿದಾಗ ಹಾಳೆ ಕಾವಲಿಯಷ್ಟು ಕರ್ರಗಿತ್ತು.

“ಏನ್ ಬಂತು ಅಳಿಯಂದಿರೇ?”

“ಅದು... ಯಾರೋ ಗಿರಾಕಿ ಅತ್ತೆ. ನೀವು ಇನ್ನೊಂದರಲ್ಲಿದ್ದೀರ.” ಬಾಯಿಗೆ ಬಂದದ್ದನ್ನು ಹೇಳಿ, ಹಾಳೆಯನ್ನು ಕಚೇರಿಯ ಚೀಲಕ್ಕೆ ತುರುಕಿದರು.

ಅಂದಿನಿಂದ ಗುಮಾಸ್ತರಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕಚೇರಿಯಲ್ಲಿ ಗಳಿಗೆಗೊಮ್ಮೆ ಹಾಳೆ ತೆಗೆದು ಟ್ಯೂಬ್‌ಲೈಟಿಗೆ ಹಿಡಿಯುವರು. ಯಾರದೋ ಭುಜವಿದ್ದಂತೆ ಕಾಣುವುದು. ಹೆಂಗಸಿನದೋ ಗಂಡಸಿನದೋ? ಗಿರಾಕಿಯದೇ ಆಗಿರಲಪ್ಪಾ ಎಂದುಕೊಳ್ಳುವರು. ಮನೆಗೆ ಬಂದರೆ ಅತ್ತೆ ಕನ್ನಡಕ ಒರೆಸಿಕೊಂಡು ಸಿದ್ಧ. “ಇವತ್ತೇನಾದ್ರೂ ತೊಳೀತೀರಾ?”

ಕೊನೆಗೆ ಹೆಂಡತಿಯೇ ಅವರನ್ನು ಸ್ನಾನದ ಮನೆಗೆ ದೂಡಿ, ತಾನೂ ಒಳಬಂದು ಚಿಲಕ ಹಾಕಿದಳು.

“ಮೊದಲ್ನೇದು ಹಾಳಾಗಿದೆ ಅಂತ ನಂಗೊತ್ತು. ಭಾನುವಾರದಿಂದ ಅಮ್ಮಂಗೆ ಬೆನ್ನು ಹಾಕ್ಕೊಂಡು ಊಟ ಮಾಡ್ತಿದ್ದೀರ. ಹೊಸ ಬಟ್ಟೆ ಬಣ್ಣ ಬಿಡುತ್ತಾ ಅಂತ ಮೊದ್ಲು ಅಂಚು ನೆನೆಸಿ ನೋಡಲ್ವಾ? ಕತ್ತರಿ ಕೊಡಿ. ಅಯ್ಯೋ, ಅದು ನನ್ನ ಕಾಲು!”

ಕತ್ತಲಲ್ಲೇ ಹಾಳೆಯ ಅಂಚಿನಿಂದ ಒಂದೊಂದೇ ಚೂರು ಕತ್ತರಿಸಿ, ಉಳಿದದ್ದನ್ನು ಕಪ್ಪು ಕಾಗದದಲ್ಲಿ ಸುತ್ತಿಟ್ಟು, ಚೂರುಗಳನ್ನು ಬೇರೆ ಬೇರೆ ಹೊತ್ತು ಔಷಧದಲ್ಲಿ ಅದ್ದಿ, ದೀಪ ಹಾಕಿ ನೋಡಿದರು. ಒಂದು ಚೂರು ಪೂರಾ ಕಪ್ಪಾಯಿತು, ಇನ್ನೊಂದು ಏನೂ ಆಗಲಿಲ್ಲ, ಮೂರನೆಯದಕ್ಕೆ ಹದ ಸಿಕ್ಕಿತು. ಮತ್ತೆ ದೀಪ ಆರಿಸಿ, ಉಳಿದ ಹಾಳೆಯನ್ನು ಅದೇ ಹದದಲ್ಲಿ ತೊಳೆದು ಬಾಗಿಲು ತೆರೆದರೆ ಅತ್ತೆ ಸ್ಟೂಲು ಹಾಕಿಕೊಂಡು ಅಲ್ಲೇ ಕೂತಿದ್ದರು. ನೆಗೆಟಿವಿನಲ್ಲಿ ಕಪ್ಪು ಬಿಳುಪಾಗಿ, ಬಿಳುಪು ಕಪ್ಪಾಗಿ ಬರುತ್ತದಲ್ಲ, ಹೆಂಡತಿ ಹಾಳೆಯ ಫೋಟೊವನ್ನು ಮೊಬೈಲಿನಲ್ಲಿ ತೆಗೆದು ಅದನ್ನು ತಿರುಗಾಮುರುಗಾ ಮಾಡಿದಳು. ಅದ್ಭುತ! ಒಂದೊಂದು ಕೂದಲೂ ಸ್ಪಷ್ಟವಾಗಿತ್ತು. ಆದರೆ ಅವು ಮೀಸೆಯ ಕೂದಲು.

ಒಬ್ಬ ಯುವಕ ಸ್ಟುಡಿಯೊ ಬಾಗಿಲಿನ ಗಾಜನ್ನೇ ಕನ್ನಡಿ ಮಾಡಿಕೊಂಡು, ಒಳಗೆ ಕ್ಯಾಮೆರಾ ಹಿಂದೆ ಮಾವ ನಿಂತಿರುವುದರ ಪರಿವೆಯೇ ಇಲ್ಲದೆ, ಹಲ್ಲು ಕಿಸಿದು, ಕಣ್ಣು ಮೆಳ್ಳೆ ಮಾಡಿ, ಹಲ್ಲಿನ ಸಂದಿಗೆ ಕಿರುಬೆರಳ ಉಗುರು ಹಾಕಿ ಕೆದಕುತ್ತಿದ್ದ.

“ರೀ, ಇದು ನೀವು!”

ಅಂದರೆ ಕರ್ರಗಾದದ್ದು ಅತ್ತೆ. ಗುಮಾಸ್ತರು ಒಳಗೋಡಿದರು. ಚೀಲದಿಂದ ಹಾಳೆ ತಂದು, “ಅತ್ತೆ, ನಾನು ಸುಳ್ಳು ಹೇಳಿದೆ. ಇದು ನೀವೇ. ಕ್ಷಮಿಸಿಬಿಡಿ,” ಎಂದರು.

ಅತ್ತೆ ಅದನ್ನು ಕಿಟಕಿಯ ಬಿಸಿಲಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಮುಖವಿದ್ದ ಕಡೆ ಬರೀ ಕಪ್ಪು. ಆದರೆ ಭುಜದ ಮೇಲಿಂದ ಇಳಿದ ಜಡೆಯ ಜಾಗದಲ್ಲಿ ಮಾತ್ರ ಬಿಸಿಲು ತೂರಿಬರುತ್ತಿತ್ತು.

“ಅಬ್ಬಾ! ನನ್ನ ಜಡೆ ಎಷ್ಟು ದಪ್ಪ ಇತ್ತು ನೋಡೇ!” ಎಂದು ಮಗಳನ್ನು ಎಳೆದು ತೋರಿಸಿದರು. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗುವಿತ್ತು. ಗುಮಾಸ್ತರಿಗೆ ಹೋದ ಜೀವ ಬಂತು.

“ಆದ್ರೂ ಅಮ್ಮ, ಅಪ್ಪ ಇದನ್ನ ಆಗ್ಲೇ ಯಾಕೆ ತೊಳೀಲಿಲ್ಲ?”

ಅತ್ತೆ ಮೊಬೈಲನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿದರು.

“ನಾನೂ ಕೇಳಿದ್ದೆ ಕಣೇ. ‘ಎರಡನ್ನೂ ಮದುವೆ ಮುಗಿದ್ಮೇಲೆ ತೊಳೀತೀನಿ. ಈಗ ತೊಳೆದ್ರೆ ಹುಡುಗಿ ಬೇಡ ಅಂದುಬಿಡ್ತಾಳೆ’ ಅಂದಿದ್ರು, ಆಮೇಲೆ ಮರೆತೇಬಿಟ್ರು. ಯಾಕೆ ಹಾಗಂದಿದ್ರು ಅಂತ ಇವತ್ತು ಗೊತ್ತಾಯ್ತು.”