ಮೂರು ಫೇಸಿನ ಮುಖಭಂಗ

ಪ್ರತಿಜ್ಞೆಗಳನ್ನು ಬ್ರಹ್ಮಚಾರಿಗಳು ಮಾಡಬೇಕು. ಸಂಸಾರಸ್ಥರು ಮಾಡಿದರೆ ಅದಕ್ಕೆ ಮನೆಯಲ್ಲೇ ಸಾಕ್ಷಿ ಇರುತ್ತದೆ. ಈ ಸತ್ಯ ತಿಳಿಯದೆ, ೨೦೦೪ರ ಜನವರಿಯಲ್ಲಿ, ಮೂಡಿಗೆರೆ ಕಡೆಯ ಜಾವಳಿಯ ನಮ್ಮ ಕಾಫಿ ಎಸ್ಟೇಟಿನ ಗೋಡೌನ್ ಬಾಗಿಲಲ್ಲಿ ನಿಂತು, ಲಾರಿಯಿಂದ ಇಳಿಯುತ್ತಿದ್ದ ಒಂದು ಮಿನಿಕಂಪ್ಯೂಟರಿನ ಸಮಕ್ಷಮ ನಾನು ಘೋಷಿಸಿಬಿಟ್ಟೆ:

"ಕಾಫಿ ಹೂ ಅರಳೋದ್ರೊಳಗೆ ಇದಕ್ಕೆ ಜೀವ ಕೊಡದಿದ್ರೆ ನನ್ನ ಹೆಸರು ಓಂಕಾರಮೂರ್ತಿಯೇ ಅಲ್ಲ."

"ಹಾಗಾದ್ರೆ ಆಮೇಲೆ ಏನಂತ ಕರೀಬೇಕು, ಅದನ್ನೂ ಈಗಲೇ ಹೇಳಿಬಿಡಿ" ಎಂದಳು ನನ್ನ ಹೆಂಡತಿ ರುದ್ರಾಣಿ.

'ಮಿನಿ' ಎಂಬ ಹೆಸರಿಗೆ ಯಾರೂ ಮೋಸ ಹೋಗಬಾರದು. ಎಪ್ಪತ್ತರ ದಶಕದಲ್ಲಿ ಕಂಪ್ಯೂಟರ್ ಎಂದರೆ ಇಡೀ ಕೋಣೆ. ಅದಕ್ಕೆ ಹೋಲಿಸಿದರೆ ಇದು ಮಿನಿ, ಅಷ್ಟೆ. ಬೀರುವಿನಷ್ಟು ಎತ್ತರದ ಎರಡು ಕಬ್ಬಿಣದ ಪೆಟ್ಟಿಗೆ, ಬಟ್ಟೆ ಒಗೆಯುವ ಯಂತ್ರದಷ್ಟು ದೊಡ್ಡ ಒಂದು ಡಿಸ್ಕ್ ಡ್ರೈವ್, ಟೈಪ್‌ರೈಟರಿನ ಅಜ್ಜನಂತಿದ್ದ ಒಂದು ಟೆಲಿಪ್ರಿಂಟರ್. ಬೆಂಗಳೂರಿನ ಒಂದು ಕಂಪನಿಯಲ್ಲಿ ಇಪ್ಪತ್ತು ವರ್ಷ ಇಂಥವನ್ನು ರಿಪೇರಿ ಮಾಡಿದವನು ನಾನು. ಮೇಜಿನ ಮೇಲೆ ಕೂರುವ ಚಿಕ್ಕ ಕಂಪ್ಯೂಟರುಗಳು ಬಂದವು, ಮಿನಿಗಳು ಗುಜರಿಗೆ ಹೋದವು, ಅವುಗಳ ಹಿಂದೆಯೇ ನಮ್ಮ ಕಂಪನಿಯೂ ಹೋಯಿತು. ನಾನು ಮಾತ್ರ ಗುಜರಿಗೆ ಹೋಗದೆ ಹೆಂಡತಿಯ ಎಸ್ಟೇಟಿಗೆ ಬಂದೆ. ವ್ಯತ್ಯಾಸ ಅಷ್ಟೇನೂ ಇರಲಿಲ್ಲ.

ಎಸ್ಟೇಟ್ ಅವಳದು. ಮಾವ ಚಂದ್ರಶೇಖರಪ್ಪನವರು ತೀರಿಕೊಂಡ ಮೇಲೆ ಒಬ್ಬಳೇ ಮಗಳು ಎಲ್ಲವನ್ನೂ ತಾನೇ ನೋಡಿಕೊಂಡಳು. ಆಳುಗಳಿಗೆ ಮಾವ 'ಯಜಮಾನ್ರು', ಅವಳು 'ಅಮ್ಮಾವ್ರು', ನಾನು 'ಕಂಪ್ಯೂಟರ್ ಸಾರ್'. ಒಂದು ಊರಿನಲ್ಲಿ ಕಂಪ್ಯೂಟರೇ ಇಲ್ಲದಿದ್ದರೂ ಕಂಪ್ಯೂಟರ್ ಸಾರ್ ಇರುವುದು ಎಷ್ಟು ಅವಮಾನ! ಶಿವಮೊಗ್ಗದ ಕಡೆಯ ಕಾರ್ಖಾನೆಯೊಂದು ತನ್ನ ಹಳೆಯ ಮಿನಿಯನ್ನು ಎಸೆಯುತ್ತಿದೆ ಎಂದು ಕೇಳಿದ್ದೇ ತಡ, ಲಾರಿ ಕಳಿಸಿದ್ದೆ.

ರುದ್ರಾಣಿ ಯಂತ್ರವನ್ನು ಒಂದು ಸುತ್ತು ಬಂದಳು.

"ಇದು ಕಾಫಿ ಬೀಜ ಬಿಡಿಸ್ತದಾ?"

"ಇಲ್ಲ."

"ಒಣಗಿಸ್ತದಾ?"

"ಲೆಕ್ಕ ಮಾಡ್ತದೆ."

"ಲೆಕ್ಕಕ್ಕೆ ರೈಟರ್ ಕೆಂಪಯ್ಯ ಇದ್ದಾನಲ್ಲ. ಅವನು ಇಷ್ಟು ಜಾಗ ತಗೊಳಲ್ಲ."

ಆದರೂ ಗೋಡೌನಿನ ಒಂದು ಮೂಲೆಯನ್ನು ಬಿಟ್ಟುಕೊಟ್ಟಳು. ಅವಳ ಒಳ್ಳೆಯತನವನ್ನು ನಾನು ಆಗ ಗಮನಿಸಲಿಲ್ಲ. ಈಗ ಗಮನಿಸಿ ಪ್ರಯೋಜನವಿಲ್ಲ.

ಎರಡು ತಿಂಗಳು ಉಜ್ಜಿದೆ, ಬೆಸುಗೆ ಹಾಕಿದೆ, ಇಲಿ ಕಡಿದ ತಂತಿ ಬದಲಿಸಿದೆ. ಮಾರ್ಚ್ ಬಂತು. ನಮ್ಮ ಕಡೆ ಮಾರ್ಚ್ ಎಂದರೆ ಎಲ್ಲರೂ ಆಕಾಶ ನೋಡುವ ಕಾಲ. ರೊಬಸ್ಟಾ ಕಾಫಿ ಗಿಡದ ಮೊಗ್ಗು ಬಲಿತು ಕಾಯುತ್ತಿರುತ್ತದೆ. ಒಂದು ಹದ ಮಳೆ ಬಿದ್ದರೆ ಅರಳುತ್ತದೆ. ಮಳೆ ಬಾರದಿದ್ದರೆ ಕೆರೆಯಿಂದ ಪಂಪಿನಲ್ಲಿ ನೀರೆತ್ತಿ ಸ್ಪ್ರಿಂಕ್ಲರ್ ಹಾರಿಸಬೇಕು. ಅರೆಬರೆ ನೀರು ಬಿದ್ದರೆ ಮೊಗ್ಗು ಅತ್ತ ಅರಳದೆ ಇತ್ತ ಕಾಯದೆ ಸುಟ್ಟುಹೋಗುತ್ತದೆ. ಆ ವರ್ಷ ಮಳೆ ಬರಲಿಲ್ಲ. ರುದ್ರಾಣಿ ಪಂಪ್ ಹಾಕಿಸಿದಳು. ಕೆಳಗಿನ ತೋಟಕ್ಕೆ ನೀರು ಚೆನ್ನಾಗಿ ಆಯಿತು. ಉಳಿದದ್ದು ಮೇಲಿನ ಪ್ಲಾಟು. ಅಪ್ಪ ಹೋದ ಮೇಲೆ ಅವಳೇ ನಿಂತು ಗುಂಡಿ ತೆಗೆಸಿ ನೆಡಿಸಿದ ಗಿಡಗಳು ಅವು. ಅವುಗಳ ಮೊದಲ ತುಂಬು ಫಸಲು ಆ ವರ್ಷ ಬರಬೇಕಿತ್ತು.

ಅದೇ ಸಮಯಕ್ಕೆ ನನ್ನ ಡಿಸ್ಕ್ ಡ್ರೈವೂ ತಿರುಗಲು ತಯಾರಾಯಿತು. ಅದಕ್ಕೆ ಬೇಕಾದದ್ದು ಪಂಪಿಗೆ ಬೇಕಾದಂಥದೇ ತ್ರೀ ಫೇಸ್ ಕರೆಂಟು. ಗೋಡೌನಿನ ಗೋಡೆಯ ಮೇಲೆ ಇದ್ದ ಮೇನ್ ಬೋರ್ಡಿನಿಂದಲೇ ಕೆರೆಯ ಪಂಪಿಗೂ ಲೈನು ಹೋಗಿತ್ತು. ನಾನೂ ಅಲ್ಲಿಂದಲೇ ಒಂದು ಲೈನು ಎಳೆದು ಸ್ವಿಚ್ ಒತ್ತಿದೆ. ಡ್ರೈವ್ ತಿರುಗಿತು. ಆದರೆ ಉಲ್ಟಾ ತಿರುಗಿತು.

ಗಾಬರಿಯಾಗುವ ವಿಷಯವಲ್ಲ. ಮೂರು ತಂತಿಗಳಲ್ಲಿ ಎರಡನ್ನು ಅದಲು ಬದಲು ಮಾಡಿದರೆ ಮೋಟಾರು ದಿಕ್ಕು ಬದಲಿಸುತ್ತದೆ. ಐಟಿಐ ಹುಡುಗರಿಗೂ ಗೊತ್ತು. ಡ್ರೈವಿನ ಹಿಂಭಾಗದಲ್ಲೇ ಬದಲಿಸಬಹುದಿತ್ತು. ಅದಕ್ಕೆ ನೆಲದ ಮೇಲೆ ಅಂಗಾತ ಮಲಗಿ ಕೈ ತೂರಿಸಬೇಕಿತ್ತು. ನನ್ನಂಥ ಅನುಭವಿ ಇಂಜಿನಿಯರ್ ನೆಲದ ಮೇಲೆ ಹೊರಳುವುದೇ? ಎದೆಮಟ್ಟದಲ್ಲಿ ಮೇನ್ ಬೋರ್ಡ್ ಇತ್ತು. ಆರಾಮಾಗಿ ನಿಂತುಕೊಂಡು, ಶಿಳ್ಳೆ ಹಾಕುತ್ತಾ, ಅಲ್ಲಿ ಎರಡು ತಂತಿ ಬದಲಿಸಿದೆ. ಡ್ರೈವ್ ನೇರ ತಿರುಗಿತು. ನಾನು ಊಟಕ್ಕೆ ಹೋದೆ.

ಮಧ್ಯಾಹ್ನ ಮೇಸ್ತ್ರಿ ಗಿಡ್ಡಪ್ಪ ಓಡಿ ಬಂದ.

"ಅಮ್ಮಾವ್ರೇ, ಮೇಲಿನ ಪ್ಲಾಟಿಗೆ ನೀರು ಹತ್ತಾ ಇಲ್ಲ. ಪಂಪೇನೋ ಓಡ್ತದೆ. ಸ್ಪ್ರಿಂಕ್ಲರಲ್ಲಿ ಮಗು ಜೊಲ್ಲು ಸುರಿಸಿದಂಗೆ ಸುರೀತದೆ."

ನನ್ನ ವಿದ್ಯೆ ಸಂಸಾರಕ್ಕೆ ಉಪಯೋಗವಾಗುವ ಸಂದರ್ಭ ಕಡೆಗೂ ಬಂತು. ಕೈ ತೊಳೆದು, ಸ್ಕ್ರೂಡ್ರೈವರ್ ಜೇಬಿಗೆ ಸಿಕ್ಕಿಸಿ ಕೆರೆಯ ಬಳಿ ಹೋದೆ. ಪಂಪಿಗೆ ಕಿವಿಯಿಟ್ಟೆ. ವೈದ್ಯರಂತೆ ತಲೆಯಾಡಿಸಿದೆ.

"ಫುಟ್‌ವಾಲ್ವ್ ಹೋಗಿದೆ."

ಮೂಡಿಗೆರೆಯಿಂದ ಪಂಪ್ ಮೆಕ್ಯಾನಿಕ್ ಕಲ್ಲೇಶ ಬಂದು, ನೀರಿಗಿಳಿದು ಪೈಪಿನ ಬಾಯಿಗೆ ಹೊಸ ಫುಟ್‌ವಾಲ್ವ್ ಹಾಕಿದ. ಮತ್ತೆ ಜೊಲ್ಲು. ಪಂಪಿನೊಳಗೆ ನೀರು ತಳ್ಳುವ ಚಕ್ರ ಸವೆದಿದೆ ಎಂದೆ. ಅದನ್ನು ಬಿಚ್ಚಿ ಮೂಡಿಗೆರೆಗೆ ಒಯ್ದು ಬದಲಿಸಿ ತಂದ. ಮತ್ತೆ ಜೊಲ್ಲು. ಪೈಪ್ ಎಲ್ಲೋ ಒಡೆದಿದೆ ಎಂದೆ. ಆಳುಗಳು ಗುಡ್ಡದುದ್ದಕ್ಕೂ ಅಗೆದರು. ಒಡೆದಿರಲಿಲ್ಲ; ಅಗೆಯುವಾಗ ಗುದ್ದಲಿ ಬಿದ್ದು ಒಡೆಯಿತು. "ನೋಡಿದ್ರಾ, ಒಡೆದಿದೆ" ಎಂದೆ.

ಕಲ್ಲೇಶ ಪಾಪ, ಇಂಜಿನಿಯರ್ ಸಾರ್ ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತಿದ್ದ. ಎದುರಾಡಿದವಳು ರುದ್ರಾಣಿ ಒಬ್ಬಳೇ.

"ರೀ, ಕರೆಂಟಲ್ಲೇ ಏನಾದ್ರೂ ಹೆಚ್ಚು ಕಮ್ಮಿ ಆಗಿರಬಹುದಾ?"

"ಕರೆಂಟಿನ ವಿಷಯ ನಂಗೆ ಬಿಡು. ನೀನು ನೀರಿನ ವಿಷಯ ನೋಡ್ಕೋ."

ಬಿಟ್ಟಳು. ದಿನಕ್ಕೆ ಕೆಲವೇ ಗಂಟೆ ಬರುವ ತ್ರೀ ಫೇಸ್ ಕರೆಂಟನ್ನು ಕಾಯುತ್ತಾ, ಸ್ಪ್ರಿಂಕ್ಲರಿನ ಬುಡದಲ್ಲಿ ನಿಂತು, ತೊಟ್ಟಿಕ್ಕುವ ನೀರನ್ನು ನೋಡುತ್ತಿದ್ದಳು. ಒಂದು ಸಂಜೆ ಬಂದವಳು ಊಟ ಬೇಡವೆಂದು ಮಲಗಿದಳು. ನಾನು ಊಟ ಮಾಡಿದೆ. ಡ್ರೈವ್ ಚೆನ್ನಾಗಿ ಓಡುತ್ತಿದ್ದುದರಿಂದ ನನಗೆ ಹಸಿವು ಚೆನ್ನಾಗಿತ್ತು.

ಭಾನುವಾರ ಬೆಳಿಗ್ಗೆ ಪವಾಡ ನಡೆಯಿತು. ಯಂತ್ರದ ಮುಖದ ಮೇಲಿನ ಕೆಂಪು ದೀಪಗಳು ಓಡಾಡಿದವು, ಟೆಲಿಪ್ರಿಂಟರ್ ಖಟಖಟ ಎಂದು ಒಂದು ಸಾಲು ಹೊಡೆದು ನನ್ನ ಆಜ್ಞೆಗೆ ಕಾದು ನಿಂತಿತು. ಗುಜರಿಯಿಂದ ಎದ್ದು ಬಂದಿತ್ತು! ನನ್ನ ಕಣ್ಣಲ್ಲಿ ನೀರು ಬಂತು. ಆ ವಾರ ನಮ್ಮ ಎಸ್ಟೇಟಿನಲ್ಲಿ ಸಲೀಸಾಗಿ ಬಂದ ನೀರು ಅದೊಂದೇ.

ಹೇಳಲೆಂದು ಕೆರೆಯ ಬಳಿ ಓಡಿದೆ. ಕಲ್ಲೇಶ ಮೋಟಾರಿನ ಮುಚ್ಚಳ ತೆಗೆದಿಟ್ಟು ತಿಂಡಿಗೆ ಹೋಗಿದ್ದ, ಪಂಪ್ ಓಡುತ್ತಿತ್ತು. ರುದ್ರಾಣಿ ಬೆನ್ನು ಮಾಡಿ ಗುಡ್ಡ ನೋಡುತ್ತಾ ನಿಂತಿದ್ದಳು. ಪಂಪಿನ ಮೈಮೇಲೆ, ತಿರುಗಬೇಕಾದ ದಿಕ್ಕು ತೋರಿಸಲು, ಎರಕದಲ್ಲೇ ಮೂಡಿಸಿದ ಒಂದು ಬಾಣದ ಗುರುತಿದೆ. ಬಾಣ ಬಲಕ್ಕೆ ತೋರಿಸುತ್ತಿತ್ತು. ಶಾಫ್ಟು ಎಡಕ್ಕೆ ತಿರುಗುತ್ತಿತ್ತು.

ಶಿಳ್ಳೆ ಹಾಕುತ್ತಾ ಎರಡು ತಂತಿ ಬದಲಿಸಿದ್ದು ನೆನಪಾಯಿತು. ಡ್ರೈವಿನ ಜೊತೆಗೆ ಪಂಪೂ ದಿಕ್ಕು ಬದಲಿಸಿತ್ತು.

ಆಗಲಾದರೂ ಬಾಯಿ ಬಿಡಬಹುದಿತ್ತು. ಆದರೆ ನಾನು ಕೆಮ್ಮಿ, "ಒಂದು ಸಣ್ಣ ಅನುಮಾನ ಇದೆ, ನೋಡಿ ಬರ್ತೀನಿ" ಎಂದು ಗೋಡೌನಿಗೆ ಹೋಗಿ, ತಂತಿಗಳನ್ನು ಮೊದಲಿದ್ದ ಹಾಗೆ ಕೂರಿಸಿ, ಕೆರೆಗೆ ಮರಳಿ ಪಂಪನ್ನು ಮತ್ತೆ ಓಡಿಸಿದೆ. ಗುಡ್ಡದ ಮೇಲಿಂದ ಆಳುಗಳ ಕೂಗು ಕೇಳಿಸಿತು. ನೀರು ಆಳೆತ್ತರ ಹಾರುತ್ತಿತ್ತು.

"ಎಂತ ಮಾಡಿದ್ರಿ?" ರುದ್ರಾಣಿ ಕೇಳಿದಳು.

"ನಿಂಗೆ ಅರ್ಥ ಆಗಲ್ಲ ಬಿಡು. ಸ್ವಲ್ಪ ತಾಂತ್ರಿಕ."

ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದು ಮೊದಲ ಸಲ. ಅವತ್ತು ಹೋಳಿಗೆ ಮಾಡಿದಳು. ಬಿಸಿ ಹೋಳಿಗೆಯ ಮೇಲೆ ತುಪ್ಪ ಬಡಿಸುತ್ತಾ, "ನಿಮ್ಮನ್ನ ಸುಮ್ನೆ ಆಡ್ಕೊಂಡೆ" ಎಂದಳು. ಆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ನಾಲ್ಕು ತಿಂದೆ.

ಸುದ್ದಿ ಹಬ್ಬಿತು. ಮರುದಿನ ಪಕ್ಕದ ಎಸ್ಟೇಟಿನ ಸುಬ್ಬಣ್ಣಗೌಡರೇ ಬಂದರು.

"ಎಂಥ ತಲೆ ಮಾರಾಯ್ರೇ ನಿಮ್ದು. ಕಲ್ಲೇಶನ ಕೈಲಾಗದ್ದನ್ನ ಮಾಡಿದ್ರಂತಲ್ಲ. ಆ ಕಂಪ್ಯೂಟರನ್ನೂ ಒಂಚೂರು ತೋರಿಸಿ."

ಹೊಗಳಿಕೆ ತಲೆಗೇರಿದವನಿಗೆ ತಂತಿ ಎಲ್ಲಿ ನೆನಪಿರುತ್ತದೆ? ಗೌಡರನ್ನು ಗೋಡೌನಿಗೆ ಕರೆದೊಯ್ದು ಸ್ಟೂಲಿನ ಮೇಲೆ ಕೂರಿಸಿ, ಗತ್ತಿನಿಂದ ಸ್ವಿಚ್ ಒತ್ತಿದೆ. ಡ್ರೈವ್ ಈಗ ಉಲ್ಟಾ ತಿರುಗಿತು. ಮೊದಲು ಗುರ್ ಎಂದಿತು, ಆಮೇಲೆ ಹಂದಿ ಕೊಯ್ದ ಹಾಗೆ ಕಿರುಚಿತು. ಒಳಗಿನ ತಟ್ಟೆ ಪರಚಿ ಕಬ್ಬಿಣದ ಪುಡಿ ಉದುರಿತು. ಗೌಡರು ಬಾಗಿಲಿಗೆ ಹಾರಿದರು. ನಾನು ಮೇನ್ ಆಫ್ ಮಾಡುವ ಹೊತ್ತಿಗೆ ಎಲ್ಲ ಮುಗಿದಿತ್ತು. ಬಾಗಿಲಲ್ಲಿ ರುದ್ರಾಣಿ ಎರಡು ಲೋಟ ಕಾಫಿ ಹಿಡಿದು ನಿಂತಿದ್ದಳು.

"ಏನಾಯ್ತು?"

"ಉಲ್ಟಾ ತಿರುಗಿಬಿಡ್ತು."

"ನಿನ್ನೆ ಬೆಳಿಗ್ಗೆ ನೆಟ್ಟಗೆ ತಿರುಗ್ತಾ ಇತ್ತಲ್ಲ?"

"ಹೂಂ."

"ನಿನ್ನೆ ಬೆಳಿಗ್ಗೆವರೆಗೆ ಪಂಪಲ್ಲಿ ನೀರು ಬರ್ತಿರ್ಲಿಲ್ಲ."

ಅವಳು ಡ್ರೈವ್ ನೋಡಿದಳು. ಅಲ್ಲಿಂದ ಹೊರಟ ಲೈನನ್ನು ಕಣ್ಣಲ್ಲೇ ಹಿಂಬಾಲಿಸಿ ಮೇನ್ ಬೋರ್ಡ್ ನೋಡಿದಳು. ಬೋರ್ಡಿನಿಂದ ಕೆರೆಯ ಕಡೆ ಹೋಗುವ ಲೈನನ್ನು ನೋಡಿದಳು. ತಾಂತ್ರಿಕ ವಿಷಯ ಅವಳಿಗೆ ಅರ್ಥವಾಗಲು ಅಷ್ಟೇ ಸಾಕಾಯಿತು.

ಬಯ್ಯುತ್ತಾಳೆಂದು ಕಾದೆ. ಅವಳು ಲೋಟ ಮುಂದೆ ಚಾಚಿ, "ಗೌಡ್ರೇ, ಕಾಫಿ ಆರ್ತದೆ, ತಗೊಳ್ಳಿ" ಎಂದಳು. ಇನ್ನೊಂದು ಲೋಟವನ್ನು ವಾಪಸ್ ಒಳಗೆ ತೆಗೆದುಕೊಂಡು ಹೋದಳು.

ವಾರ ಕಳೆದು ಸುತ್ತಲಿನ ಗುಡ್ಡಗಳೆಲ್ಲ ಹೂವಿನಿಂದ ಬೆಳ್ಳಗಾದವು. ನಮ್ಮ ಕೆಳಗಿನ ತೋಟವೂ ಘಮ್ಮೆಂದಿತು. ಮೇಲಿನ ಪ್ಲಾಟಿನಲ್ಲಿ ಜೊಲ್ಲು ನೀರಿಗೆ ಮೋಸಹೋಗಿ ಅರ್ಧ ಬಾಯಿ ತೆರೆದಿದ್ದ ಮೊಗ್ಗುಗಳು ಬಿಸಿಲಿಗೆ ಕಂದಿ ಉದುರಿದವು. ತಡವಾಗಿ ಹಾರಿದ ಒಳ್ಳೆಯ ನೀರಿಂದ ಗಿಡ ಚಿಗುರಿತೇ ಹೊರತು ಹೂ ಬಿಡಲಿಲ್ಲ. ರುದ್ರಾಣಿ ದಿನಾ ಒಂದು ಸಲ ಅಲ್ಲಿಗೆ ಹೋಗಿ ಬರುತ್ತಿದ್ದಳು. ನಾನು ಒಂದು ಸಲ ಜೊತೆಗೆ ಹೊರಟೆ. "ನೀವು ಬೇಡ" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಅದೇ ಕಷ್ಟವಾಯಿತು.

ಮುಂದಿನ ಜನವರಿಯಲ್ಲಿ ಕೊಯ್ಲು ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳು ತಾನಾಗಿ ಗೋಡೌನಿಗೆ ಬಂದು ಸ್ಟೂಲಿನ ಮೇಲೆ ಕುಳಿತಳು. ಡ್ರೈವ್ ಸತ್ತಿದ್ದರೂ ಯಂತ್ರದ ಉಳಿದ ಭಾಗವನ್ನು ನಾನು ಹೇಗೋ ಎಬ್ಬಿಸಿದ್ದೆ. ಸಣ್ಣಪುಟ್ಟ ಲೆಕ್ಕ ಮಾಡುತ್ತಿತ್ತು.

"ಮೇಲಿನ ಪ್ಲಾಟಲ್ಲಿ ಎಷ್ಟು ಚೀಲ ಬಂತು ಅಂತ ಅದನ್ನ ಕೇಳಿ" ಎಂದಳು.

"ಮೊದ್ಲು ನಾವು ಅದಕ್ಕೆ ಹೇಳಬೇಕು."

"ಮೊದಲನೇ ಕೊಯ್ಲಿಗೆ ಒಂದು. ಎರಡನೇದಕ್ಕೆ ಒಂದು."

ತಲೆ ತಗ್ಗಿಸಿ ಒತ್ತಿದೆ. ದೀಪಗಳು ಮಿಣುಕಿದವು, ಫ್ಯಾನುಗಳು ಹೂಂಕರಿಸಿದವು, ಟೆಲಿಪ್ರಿಂಟರ್ ಗೋಡೌನ್ ನಡುಗುವಂತೆ ಖಟ್ ಎಂದಿತು. ಕಾಗದ ಹರಿದು ಅವಳ ಕೈಗೆ ಕೊಟ್ಟೆ. ಎರಡು ಎಂದಿತ್ತು.

"ಇದನ್ನ ನಾನೇ ಹೇಳಿದ್ನಲ್ಲ."

"ಅದರ ಕೆಲಸವೇ ಅದು. ನೀನು ಹೇಳಿದ್ದನ್ನ ತಪ್ಪಿಲ್ಲದೆ ನಿಂಗೇ ಹೇಳ್ತದೆ."

ಅವಳು ಎದ್ದು ಸೆರಗಿಗೆ ಅಂಟಿದ ಧೂಳು ಕೊಡವಿದಳು.

"ಅಷ್ಟಕ್ಕೆ ಇಷ್ಟು ದೊಡ್ಡದು ಯಾಕೆ ಬೇಕಿತ್ತು? ನಾನು ನಿಮ್ಮನ್ನ ಇಟ್ಕೊಂಡಿರೋದೇ ಆ ಕೆಲಸಕ್ಕಲ್ವಾ?"